ಶಿವನಸಮುದ್ರದಿಂದ ಠಾಕುರ್ಲಿವರೆಗೆ: ಬೆಳಕು ನಡೆದು ಬಂದ ದಾರಿ



ಕಳೆದ ಮಳೆಗಾಲದ ಒಂದು ಸಂಜೆ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕರೆಂಟು ಹೋಯಿತು. ಲಿಫ್ಟ್ ನಿಂತಿತು. ಪಂಪು ನಿಂತಿದ್ದರಿಂದ ಮೇಲಿನ ಟಾಂಕಿಗೆ ನೀರು ಏರಲಿಲ್ಲ. ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ಉಳಿಯಿತು. ಮೊಬೈಲಿನ ಚಾರ್ಜು ಮುಗಿಯುತ್ತ ಬಂದ ಮೊಮ್ಮಗಳು ಚಡಪಡಿಸುತ್ತ ಕೇಳಿದಳು: "ಅಜ್ಜಿ, ಕರೆಂಟು ಕಂಡುಹಿಡಿಯೋಕೆ ಮುಂಚೆ ಜನ ಏನು ಮಾಡ್ತಿದ್ರು?"

ನಾನು ನಕ್ಕೆ. ಏಕೆಂದರೆ ನಾನೇ ಆ "ಮುಂಚೆ"ಯಲ್ಲಿ ಹುಟ್ಟಿದವಳು. ನನ್ನ ತವರು ಮಳವಳ್ಳಿ ಸೀಮೆಯ ಒಂದು ಸಣ್ಣ ಹಳ್ಳಿ. ಶಿವನಸಮುದ್ರದ ವಿದ್ಯುದಾಗಾರದಿಂದ ಹೊರಟ ದಪ್ಪ ತಂತಿಗಳು ನಮ್ಮ ರಾಗಿ ಹೊಲದ ಮೇಲೆಯೇ ಹಾದು ಹೋಗುತ್ತಿದ್ದವು. ಆದರೆ ನಮ್ಮ ಮನೆಯಲ್ಲಿ ಇದ್ದದ್ದು ಸೀಮೆಎಣ್ಣೆ ಬುಡ್ಡಿ ಮತ್ತು ಒಂದು ಲಾಟೀನು. ಪ್ರತಿ ಸಂಜೆ ಆ ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುವುದು ನನ್ನ ಕೆಲಸ. ತಂತಿಗಳತ್ತ ಕೈ ತೋರಿಸಿ ನನ್ನ ಅಜ್ಜಿ ಹೇಳುತ್ತಿದ್ದಳು: "ನೀರು ನಮ್ದು, ಬೆಳಕು ಕಂಡೋರ್ದು ಕಣವ್ವ." ನಮ್ಮ ಮನೆಗೆ ಮೊದಲ ಬಲ್ಬು ಬಂದದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ಆ ತಂತಿಗಳಿಗೆ ಎಪ್ಪತ್ತು ವರ್ಷ ವಯಸ್ಸಾಗಿತ್ತು.

ಮೊಮ್ಮಗಳ ಪ್ರಶ್ನೆಗೂ ಅಜ್ಜಿಯ ಮಾತಿಗೂ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಈ ಇ-ಸಂಚಿಕೆಯ ಮೂಲಕ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಟವಾಗಿದ್ದ ಕಿಡಿ

ಚಳಿಗಾಲದಲ್ಲಿ ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಸದ್ದು ಬರುವುದನ್ನು ನಾವೆಲ್ಲ ಕೇಳಿದ್ದೇವೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತಿಕೊಳ್ಳುತ್ತದೆ. ವಿದ್ಯುತ್ತಿನ ಕಥೆ ಶುರುವಾಗುವುದೂ ಇಲ್ಲಿಂದಲೇ. ಮರದ ಅಂಟು ಯುಗಗಳ ಕಾಲ ಮಣ್ಣಿನಡಿ ಗಟ್ಟಿಯಾಗಿ ಅಂಬರ್ ಎಂಬ ಹಳದಿ ಕಲ್ಲಿನಂತಾಗುತ್ತದೆ. ಅದನ್ನು ಉಣ್ಣೆಗೆ ಉಜ್ಜಿದರೆ ಹುಲ್ಲು, ಗರಿಗಳನ್ನು ಎಳೆದುಕೊಳ್ಳುತ್ತದೆ ಎಂಬುದು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರೀಕರಿಗೆ ಗೊತ್ತಿತ್ತು. ಅಂಬರಿಗೆ ಅವರ ಹೆಸರು "ಎಲೆಕ್ಟ್ರಾನ್". ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಬರೆದ ಗ್ರಂಥದಲ್ಲಿ ಆ ಪದವನ್ನೇ ಬಳಸಿಕೊಂಡ. "ಎಲೆಕ್ಟ್ರಿಸಿಟಿ" ಎಂಬ ಹೆಸರು ಬಂದದ್ದು ಹಾಗೆ.

ಆಮೇಲೂ ನೂರೈವತ್ತು ವರ್ಷ ಇದು ಹೆಚ್ಚಾಗಿ ಶ್ರೀಮಂತರ ಮನೆಯ ವಿನೋದವಾಗಿಯೇ ಇತ್ತು. ಗಾಜಿನ ಗೋಳವನ್ನು ತಿರುಗಿಸಿ ಉಜ್ಜಿ ಕಿಡಿ ಹಾರಿಸುವುದು, ಅತಿಥಿಗಳಿಗೆ ಶಾಕ್ ಕೊಟ್ಟು ನಗುವುದು, ಇಂಥವು. 1752ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟದ ಪ್ರಯೋಗದಿಂದ ಆಕಾಶದ ಮಿಂಚು ಮತ್ತು ಈ ಕಿಡಿ ಎರಡೂ ಒಂದೇ ಎಂದು ತೋರಿಸಿದ. ಅದೇ ಜಾಡಿನಲ್ಲಿ ಹೊರಟ ರಷ್ಯದ ಜಾರ್ಜ್ ರಿಚ್‌ಮನ್ 1753ರಲ್ಲಿ ಸಿಡಿಲು ಬಡಿದು ಪ್ರಯೋಗದ ಜಾಗದಲ್ಲೇ ಸತ್ತ. ಫ್ರಾಂಕ್ಲಿನ್ನನ ಅರಿವಿನಿಂದ ಸಿಡಿಲು ತಡೆಯುವ ಸರಳು ಹುಟ್ಟಿತು. ವಿದ್ಯುತ್ತಿನ ತಿಳಿವಳಿಕೆಯಿಂದ ಮನುಷ್ಯನಿಗೆ ದೊರೆತ ಮೊದಲ ಉಪಯೋಗ ಅದೇ. ಇಂದಿಗೂ ನಮ್ಮ ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಆ ಸರಳು ಇದೆ.

ಆದರೆ ಕಿಡಿ ಬಂದು ಮಾಯವಾಗುವಂಥದ್ದು. ಬೇಕಾದಷ್ಟು ಹೊತ್ತು ಹರಿಯುವ ವಿದ್ಯುತ್ತು ಸಿಕ್ಕಿದ್ದು ಇಟಲಿಯಲ್ಲಿ. ಸತ್ತ ಕಪ್ಪೆಯ ಕಾಲು ಎರಡು ಬೇರೆ ಬೇರೆ ಲೋಹಗಳನ್ನು ಮುಟ್ಟಿಸಿದಾಗ ಅದುರುವುದನ್ನು ಗಾಲ್ವಾನಿ ಕಂಡ. ಅದು ಪ್ರಾಣಿಯ ದೇಹದೊಳಗಿನ ಶಕ್ತಿ ಎಂದು ಅವನ ವಾದ. ಇಲ್ಲ, ಗುಟ್ಟು ಇರುವುದು ಲೋಹಗಳಲ್ಲಿ ಎಂದ ಅಲೆಸಾಂಡ್ರೊ ವೋಲ್ಟಾ, 1800ರಲ್ಲಿ ಸತು ಮತ್ತು ತಾಮ್ರದ ಬಿಲ್ಲೆಗಳ ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿದ. ಅದೇ ಮೊದಲ ಬ್ಯಾಟರಿ. ನಮ್ಮ ಟಾರ್ಚಿನ ಸೆಲ್ಲು ಅದರ ಮೊಮ್ಮಗಳು ಎನ್ನಬಹುದು.

ಪುಸ್ತಕ ಕಟ್ಟುವ ಹುಡುಗನಿಗೆ ಪಾಠ ಹೇಳಿದ ಹೆಂಗಸು

ಈ ಇತಿಹಾಸದಲ್ಲಿ ಬರುವ ಹೆಸರುಗಳೆಲ್ಲ ಗಂಡಸರದೇ ಎಂದು ಅನ್ನಿಸುತ್ತಿರಬೇಕಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆಗ ಸಿಕ್ಕಿದ್ದು ಜೇನ್ ಮಾರ್ಸೆಟ್ ಎಂಬ ಹೆಸರು.

ಲಂಡನ್ನಿನ ಈ ಗೃಹಿಣಿ 19ನೇ ಶತಮಾನದ ಮೊದಲ ದಶಕದಲ್ಲಿ ರಸಾಯನಶಾಸ್ತ್ರದ ಬಗ್ಗೆ ಒಂದು ಪುಸ್ತಕ ಬರೆದಳು. ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿದ್ದ ಆ ಪುಸ್ತಕ ಮುಖ್ಯವಾಗಿ ಹೆಂಗಸರಿಗಾಗಿಯೇ ಬರೆದದ್ದು. ಮೊದಲಿಗೆ ಅದರ ಮೇಲೆ ಅವಳ ಹೆಸರೂ ಇರಲಿಲ್ಲ. ಅದು ಪುಸ್ತಕ ಕಟ್ಟುವ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಬಡ ಕಮ್ಮಾರನ ಮಗನೊಬ್ಬನ ಕೈಗೆ ಸಿಕ್ಕಿತು. ಕಟ್ಟಬೇಕಾದ ಪುಸ್ತಕಗಳನ್ನು ಓದುತ್ತಲೇ ಕಲಿತ ಆ ಹುಡುಗ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ರಸಾಯನದ ಕಡೆಗೆ ತನ್ನ ಮನಸ್ಸು ತಿರುಗಿದ್ದು ಶ್ರೀಮತಿ ಮಾರ್ಸೆಟ್ ಅವರ ಪುಸ್ತಕದಿಂದ ಎಂದು ದೊಡ್ಡ ವಿಜ್ಞಾನಿಯಾದ ಮೇಲೂ ಅವನು ಕೃತಜ್ಞತೆಯಿಂದ ನೆನೆದ.

ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೇ ಇಂದಿನ ಎಲ್ಲ ವಿದ್ಯುದಾಗಾರಗಳ ಬುನಾದಿ. ತಾಮ್ರದ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಅದನ್ನು ಆಡಿಸುತ್ತಿದ್ದರೆ ಮಾತ್ರ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಮಜ್ಜಿಗೆ ಕಡೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡೆಗೋಲು ಆಡುತ್ತಿದ್ದರೆ ಬೆಣ್ಣೆ, ನಿಂತರೆ ಬರೀ ಮೊಸರು. ಹಾಗಾದರೆ ಕಡೆಯುವವರು ಯಾರು? ಬೀಳುವ ನೀರು ಚಕ್ರ ತಿರುಗಿಸಿದರೆ ಜಲವಿದ್ಯುತ್ತು. ಕಲ್ಲಿದ್ದಲು ಉರಿಸಿದ ಹಬೆ ತಿರುಗಿಸಿದರೆ ಶಾಖವಿದ್ಯುತ್ತು. ಹಿಂದೆ ಥಾಣೆ ಜಿಲ್ಲೆಯಲ್ಲೇ ಇದ್ದ, ಈಗ ಪಾಲ್ಘರ್‌ಗೆ ಸೇರಿರುವ ತಾರಾಪುರದಲ್ಲಿ 1969ರಲ್ಲಿ ಶುರುವಾದ ದೇಶದ ಮೊದಲ ಅಣುವಿದ್ಯುತ್ ಸ್ಥಾವರದಲ್ಲೂ ಕೊನೆಗೆ ನಡೆಯುವುದು ಇದೇ ಕಡೆಯುವ ಕೆಲಸ.

"ತಂತಿ ಬಂತು!"

ಬಲ್ಬಿಗಿಂತ ಬಹಳ ಮೊದಲು ವಿದ್ಯುತ್ತು ಹೊತ್ತದ್ದು ಸುದ್ದಿಯನ್ನು. ಭಾರತದಲ್ಲಿ 1839ರಲ್ಲೇ ಕಲ್ಕತ್ತೆಯ ವೈದ್ಯ ಓಶಾನೆಸ್ಸಿ ಟೆಲಿಗ್ರಾಫಿನ ಪ್ರಯೋಗ ಮಾಡಿದ್ದ. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಎಳೆಯಲಾಯಿತು. 1854ರ ಕೊನೆಯ ಹೊತ್ತಿಗೆ ಕಲ್ಕತ್ತ, ಆಗ್ರಾ, ಮುಂಬೈ, ಮದರಾಸು ಒಂದಕ್ಕೊಂದು ಬೆಸೆದುಕೊಂಡವು. 1855ರಲ್ಲಿ ಸಾರ್ವಜನಿಕರೂ ದುಡ್ಡು ಕೊಟ್ಟು ಸುದ್ದಿ ಕಳಿಸಬಹುದಾಯಿತು.

ಕನ್ನಡದಲ್ಲಿ ಟೆಲಿಗ್ರಾಮಿಗೆ ನಾವು ಇಟ್ಟ ಹೆಸರೇ "ತಂತಿ". ಮುಂಬೈಗೆ ದುಡಿಯಲು ಬಂದ ಕನ್ನಡಿಗರ ಮನೆಗಳಲ್ಲಿ ಆ ಪದಕ್ಕೆ ಇದ್ದ ಭಯ ಹಿರಿಯರಿಗೆ ನೆನಪಿರಬಹುದು. ಪತ್ರ ಬಂದರೆ ಕುಶಲ, ಮನಿಯಾರ್ಡರ್ ಬಂದರೆ ಸಂತೋಷ, ತಂತಿ ಬಂದರೆ ಮಾತ್ರ ಒಡೆದು ಓದುವ ಮೊದಲೇ ಅಳು. ಮನೆಯೊಳಗೆ ದೀಪವಾಗಿ ಬರುವ ಮೊದಲು ವಿದ್ಯುತ್ತು ಎಷ್ಟೋ ಕುಟುಂಬಗಳಿಗೆ ಬಂದದ್ದು ಹೀಗೆ, ಸಾವಿನ ಸುದ್ದಿಯಾಗಿ. 2013ರ ಜುಲೈಯಲ್ಲಿ ಈ ಸೇವೆಯೇ ನಿಂತುಹೋಯಿತು.

ಬೆಳಕಿನ ಸರದಿ ಬಂದದ್ದು ಆಮೇಲೆ. ಮೊದಲು ಬಂದದ್ದು ಎರಡು ಇದ್ದಿಲ ಕಡ್ಡಿಗಳ ನಡುವೆ ಕಣ್ಣು ಕುಕ್ಕುವ ಕಮಾನು ಬೆಳಕು, ಅಂದರೆ ಆರ್ಕ್ ದೀಪ. ಬೀದಿಗೆ ಸರಿ, ಮನೆಗೆ ಆಗದು. ಅದು ಬುಸುಗುಟ್ಟುವುದು, ಮಿಣುಕುವುದು ಏಕೆ ಎಂದು ಕಂಡುಹಿಡಿದವಳು ಇಂಗ್ಲೆಂಡಿನ ಹರ್ತಾ ಐರ್ಟನ್. 1899ರಲ್ಲಿ ಅಲ್ಲಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಗೆ ಅವಳು ಮೊದಲ ಮಹಿಳಾ ಸದಸ್ಯೆಯಾದಳು. ಆದರೆ 1902ರಲ್ಲಿ ರಾಯಲ್ ಸೊಸೈಟಿಯ ಫೆಲೋ ಸ್ಥಾನಕ್ಕೆ ಅವಳ ಹೆಸರು ಬಂದಾಗ, ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಜಾಗವಿಲ್ಲ ಎಂದು ಬಾಗಿಲು ಮುಚ್ಚಿದರು. ಅದೇ ಸಂಸ್ಥೆ 1906ರಲ್ಲಿ ಅವಳಿಗೆ ಪದಕ ಕೊಟ್ಟಿತು.

ಮನೆಗೆ ಒಗ್ಗುವ ಬಲ್ಬು ಇಂಗ್ಲೆಂಡಿನ ಸ್ವಾನ್ ಮತ್ತು ಅಮೆರಿಕದ ಎಡಿಸನ್ ಅವರ ದುಡಿಮೆಯಿಂದ 1879ರ ಸುಮಾರಿಗೆ ಸಿದ್ಧವಾಯಿತು. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಎಡಿಸನ್ ಮನೆ, ಅಂಗಡಿಗಳಿಗೆ ವಿದ್ಯುತ್ತು ಹಂಚತೊಡಗಿದ. ಅದೇ ವರ್ಷ ನಮ್ಮ ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಲ್ಲೂ ವಿದ್ಯುದ್ದೀಪ ಉರಿಯಿತು.

ಮಹಾರಾಣಿಯ ಆಳ್ವಿಕೆಯಲ್ಲಿ ಹೊತ್ತಿದ ಬೆಳಕು

ಈಗ ನಮ್ಮ ಕಾವೇರಿಯ ಬಳಿಗೆ ಬರೋಣ.

1894ರ ಡಿಸೆಂಬರಿನಲ್ಲಿ ಮೈಸೂರಿನ ಹತ್ತನೇ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ರಾಜ್ಯದ ಹೊಣೆ ಹೊತ್ತವರು ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಗಂಡನನ್ನು ಕಳೆದುಕೊಂಡ ದುಃಖದ ನಡುವೆಯೇ ಅವರು 1902ರ ಆಗಸ್ಟ್‌ವರೆಗೆ ರೀಜೆಂಟರಾಗಿ ನಾಡನ್ನು ನಡೆಸಿದರು. ಶಿವನಸಮುದ್ರದ ಯೋಜನೆ ರೂಪುಗೊಂಡದ್ದು, ಒಪ್ಪಿಗೆ ಪಡೆದದ್ದು, ಮುಗಿದದ್ದು ಎಲ್ಲವೂ ಅವರ ಆಳ್ವಿಕೆಯಲ್ಲಿ. ಶಾಲೆಯ ಪುಸ್ತಕಗಳಲ್ಲಿ ಈ ಯೋಜನೆಯ ಜೊತೆ ದಿವಾನರ ಹೆಸರು ಓದಿದ ನೆನಪು ನನಗಿದೆ. ಮಹಾರಾಣಿಯ ಹೆಸರು ಓದಿದ ನೆನಪಿಲ್ಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯೂ ಸಣ್ಣದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಅದಿರು ಕುಟ್ಟಲು, ನೀರೆತ್ತಲು, ಗಾಳಿ ಒಳಕಳಿಸಲು ಹಬೆ ಯಂತ್ರಗಳಿದ್ದವು. ಅವುಗಳ ಉರಿಗೆ ಸೌದೆ, ಕಲ್ಲಿದ್ದಲು ಸುರಿದಷ್ಟೂ ಸಾಲದು. ಇತ್ತ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿದ್ದಳು. ನೀರು ಇಲ್ಲಿ, ಗಣಿ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು ಆಚೆ. ಅಷ್ಟು ದೂರ ವಿದ್ಯುತ್ತು ಕಳಿಸಲು ಸಾಧ್ಯವೇ? 1896ರಲ್ಲಿ ಅಮೆರಿಕದ ನಯಾಗರದಿಂದ ಬಫಲೋ ನಗರಕ್ಕೆ ವಿದ್ಯುತ್ತು ಹೋದಾಗ ಜಗತ್ತೇ ಬೆರಗಾಗಿತ್ತು. ಆ ದೂರ ಸುಮಾರು 26 ಮೈಲಿ ಮಾತ್ರ.

ಮೈಸೂರಿನ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಸಾಧ್ಯ ಎಂದರು. ಅದರ ಗುಟ್ಟು ಒತ್ತಡದಲ್ಲಿದೆ. ವಿದ್ಯುತ್ತು ತಂತಿಯಲ್ಲಿ ಹರಿಯುವಾಗ ತಂತಿ ಬಿಸಿಯಾಗಿ ಒಂದಷ್ಟು ಶಕ್ತಿ ದಾರಿಯಲ್ಲೇ ಸೋರಿ ಹೋಗುತ್ತದೆ. ಹರಿವು ಹೆಚ್ಚಾದಷ್ಟೂ ಸೋರಿಕೆ ಹೆಚ್ಚು. ಒತ್ತಡವನ್ನು, ಅಂದರೆ ವೋಲ್ಟನ್ನು, ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಹರಿವಿನಲ್ಲಿ ಕಳಿಸಬಹುದು. ಅದಕ್ಕಾಗಿ ಹೊರಡುವಾಗ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ಏರಿಸಿ, ತಲುಪಿದ ಮೇಲೆ ಇಳಿಸಿಕೊಳ್ಳುವುದು. ಇದು ಎಸಿ, ಅಂದರೆ ಹಿಂದೆ ಮುಂದೆ ಹರಿಯುವ ವಿದ್ಯುತ್ತಿನಿಂದ ಆಗ ಸಾಧ್ಯವಾಗಿತ್ತು. ನಮ್ಮ ಬಡಾವಣೆಯ ಮೂಲೆಯಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್ ಮಾಡುವುದು ಆ ಇಳಿಸುವ ಕೆಲಸವನ್ನೇ.

ಯಂತ್ರಗಳು ಅಮೆರಿಕ, ಯೂರೋಪಿನಿಂದ ಹಡಗಿನಲ್ಲಿ ಬಂದವು. ರೈಲು ಮುಗಿದ ಕಡೆಯಿಂದ ಎತ್ತಿನ ಗಾಡಿಗಳು, ಆನೆಗಳು ಅವನ್ನು ಎಳೆದವು. ಕಂಬ ನೆಡುವ, ತಂತಿ ಎಳೆಯುವ, ಕಾಲುವೆ ತೋಡುವ ಕೆಲಸದಲ್ಲಿ ದುಡಿದವರು ಸಾವಿರಾರು ಕೂಲಿಗಳು. ಕೊನೆಗೆ 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು. 720 ಕಿಲೋವ್ಯಾಟಿನ ಆರು ಯಂತ್ರಗಳು, ಒಟ್ಟು 4,320 ಕಿಲೋವ್ಯಾಟು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಗೆ ಹೆಗಲು ಕೊಟ್ಟ ಶೇಷಾದ್ರಿ ಅಯ್ಯರ್ ಇದನ್ನು ನೋಡಲು ಇರಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಮಹಾರಾಣಿಯವರು ಆರು ವಾರಗಳ ಬಳಿಕ, 1902ರ ಆಗಸ್ಟ್ 8ರಂದು, ಬೆಳಕು ಹತ್ತಿದ ರಾಜ್ಯವನ್ನು ಮಗನ ಕೈಗೆ ಒಪ್ಪಿಸಿದರು.

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿತು. ಪ್ರತಿ ಆಗಸ್ಟಿನಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ಬರುತ್ತದೆ: "ಏಷ್ಯಾದಲ್ಲೇ ವಿದ್ಯುದ್ದೀಪ ಕಂಡ ಮೊದಲ ನಗರ ನಮ್ಮ ಬೆಂಗಳೂರು." ಇದನ್ನು ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ತಡೆಯೋಣ. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಜಲವಿದ್ಯುತ್ತು ಹುಟ್ಟಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗಿನ ಬಳಿ 1897ರಲ್ಲಿ 130 ಕಿಲೋವ್ಯಾಟಿನ ಪುಟ್ಟ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಕಲ್ಕತ್ತೆಯಲ್ಲಿ 1899ರಲ್ಲಿ ವಿದ್ಯುತ್ ಪೂರೈಕೆ ಶುರುವಾಗಿತ್ತು. ಮೈಸೂರಿನ ಹೆಮ್ಮೆ ಇರುವುದು ಮೊದಲಿಗರಾದದ್ದರಲ್ಲಿ ಅಲ್ಲ. ಅಷ್ಟು ದೊಡ್ಡ ಪ್ರಮಾಣದ ವಿದ್ಯುತ್ತನ್ನು ಅಷ್ಟು ದೂರಕ್ಕೆ, ಒಂದು ದೇಶೀ ಸಂಸ್ಥಾನ ತನ್ನ ಸ್ವಂತ ಹೊಣೆಯಲ್ಲಿ ಕಳಿಸಿದ್ದರಲ್ಲಿ ಇದೆ. ನಿಜವಾದ ಹೆಮ್ಮೆ ಇರುವಾಗ ಸುಳ್ಳು ಹೆಮ್ಮೆ ಯಾಕೆ?

ಬೇಸಿಗೆಯಲ್ಲಿ ಕಾವೇರಿ ಬತ್ತಿದಾಗ ಗಣಿಗೆ ವಿದ್ಯುತ್ತು ಸಾಲದಾಗುತ್ತಿತ್ತು. ಆ ಕೊರತೆ ನೀಗುವುದೂ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು. ನಾವು ಬೃಂದಾವನದ ಕಾರಂಜಿ ನೋಡಲು ಹೋಗುವ ಆ ಅಣೆಕಟ್ಟಿಗೂ ಕೋಲಾರದ ಚಿನ್ನಕ್ಕೂ ಹೀಗೊಂದು ನಂಟು.

ಇದೆಲ್ಲ ಓದುವಾಗ ನನಗೆ ಅಜ್ಜಿಯ ಮಾತು ಅರ್ಥವಾಯಿತು. ಆ ತಂತಿಗಳನ್ನು ಎಳೆದದ್ದು ಗಣಿಗಾಗಿ, ಆಮೇಲೆ ನಗರಗಳಿಗಾಗಿ. ದಾರಿಯ ಹಳ್ಳಿಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ನೀರು ಇನ್ನೂ ಚಕ್ರ ತಿರುಗಿಸುತ್ತಿದೆ.

ನಮ್ಮ ಲೋಕಲ್ಲು, ನಮ್ಮ ಚೋಳಾ

ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಲೋಕಲ್ ರೈಲು. ಹೊಗೆಯಿಲ್ಲ, ಬೆಂಕಿಯಿಲ್ಲ, ಮೇಲಿನ ತಂತಿ ಮುಟ್ಟಿಕೊಂಡು ಓಡುತ್ತದೆ. ಅತ್ತೆಯವರು ನಕ್ಕು, "ಅದಕ್ಕೆ ಊಟ ಹಾಕೋ ಅಡುಗೆಮನೆ ಪಕ್ಕದಲ್ಲೇ ಇದೆ ನೋಡು" ಎಂದು ಠಾಕುರ್ಲಿಯ ಚಿಮಣಿಗಳತ್ತ ತೋರಿಸಿದ್ದರು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಹಬೆಯಿಂದ. ಮುಂಬೈಯಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮಿನ ಜಾಗಕ್ಕೆ 1907ರ ಮೇ 7ರಂದು ವಿದ್ಯುತ್ ಟ್ರಾಮು ಬಂತು. 1915ರಲ್ಲಿ ಟಾಟಾ ಕಂಪನಿ ಲೋಣಾವಳದ ಕೆರೆಗಳ ನೀರನ್ನು ದೊಡ್ಡ ಕೊಳವೆಗಳಲ್ಲಿ ಘಟ್ಟದ ಕೆಳಗಿನ ಖೋಪೋಲಿಗೆ ಇಳಿಸಿ, ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಪರೇಲಿನ ಗಿರಣಿಗಳಿಗೆ ತಂದಿತು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ದುಡಿದ ಗಿರಣಿಗಳು ಅವು. 1925ರ ಫೆಬ್ರವರಿ 3ರಂದು ಮುಂಬೈ ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗದಲ್ಲಿ ಕುರ್ಲಾವರೆಗೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ತಂತಿಯಲ್ಲಿ 1,500 ವೋಲ್ಟಿನ ಡಿಸಿ ವಿದ್ಯುತ್ತು. ಗವರ್ನರ್ ಲೆಸ್ಲಿ ವಿಲ್ಸನ್ ಹಸಿರು ನಿಶಾನೆ ತೋರಿಸಿದರು. ನವಿ ಮುಂಬೈಯ ಗೆಳತಿಯರು ಇಂದು ಹತ್ತುವ ಹಾರ್ಬರ್ ಲೋಕಲ್ಲಿನ ಮೂಲ ಅದೇ.

ಮುಂದಿನ ಐದಾರು ವರ್ಷಗಳಲ್ಲಿ ತಂತಿ ಥಾಣೆ, ಕಲ್ಯಾಣ ದಾಟಿ ಇಗತ್‌ಪುರಿ ಮತ್ತು ಪುಣೆ ಮುಟ್ಟಿತು. ಕಸಾರಾ, ಖಂಡಾಳ ಘಟ್ಟಗಳನ್ನು ಹತ್ತಲು ಬೇಕಾದ ಶಕ್ತಿ ಸಣ್ಣದಲ್ಲ. ಅದಕ್ಕಾಗಿ ಜಿಐಪಿ ರೈಲ್ವೆ ಕಲ್ಯಾಣದ ಬಳಿ ತನ್ನದೇ ಕಲ್ಲಿದ್ದಲು ವಿದ್ಯುದಾಗಾರ ಕಟ್ಟಿಸಿತು. ಪಕ್ಕದ ಚೋಳೆ ಗ್ರಾಮದ ಹೆಸರಿನಿಂದ ಅದು "ಚೋಳಾ ಪವರ್‌ಹೌಸ್" ಆಯಿತು. 1930ರ ಜೂನ್ 1ರಂದು ಹೊರಟ ಡೆಕ್ಕನ್ ಕ್ವೀನ್ ಗಾಡಿ ಈ ವಿದ್ಯುತ್ ಯುಗದ ಕೂಸು. ದಶಕಗಳ ಕಾಲ ದುಡಿದು ಚೋಳಾ ನಿಂತಿತು. ಡಿಸಿ ಹೋಗಿ ಮಧ್ಯ ರೈಲ್ವೆಯ ಮುಂಬೈ ಮಾರ್ಗಗಳಲ್ಲಿ 2015-16ರ ಹೊತ್ತಿಗೆ 25,000 ವೋಲ್ಟಿನ ಎಸಿ ಬಂತು. ಇಂದು ಠಾಕುರ್ಲಿಯಲ್ಲಿ ರೈಲಿನ ಕಿಟಕಿಯಿಂದ ನೋಡುವ ಹೊಸ ಮಕ್ಕಳಿಗೆ ಅಲ್ಲಿ ಒಂದು ಇತಿಹಾಸ ಇತ್ತೆಂಬುದೇ ಗೊತ್ತಿಲ್ಲ.

ಯೋಚಿಸಿ ನೋಡಿ. ವಿದ್ಯುತ್ ಲೋಕಲ್ ಇಲ್ಲದಿದ್ದರೆ ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಮಾಡಿ ಮುಂಬೈಯಲ್ಲಿ ದುಡಿಯುವುದು ಸಾಧ್ಯವಿತ್ತೇ? ಬ್ಯಾಂಕು, ಹೋಟೆಲು, ಶಾಲೆ, ಕಚೇರಿಗಳಿಗೆ ಹೋಗಿ ಸಂಜೆಗೆ ಮರಳಿ, ಭಾನುವಾರ ಸಂಘದ ಕಾರ್ಯಕ್ರಮಕ್ಕೆ ಸೇರುವ ನಮ್ಮ ಬದುಕೇ ಆ ತಂತಿಗೆ ಜೋತುಬಿದ್ದಿದೆ. ಹೆಂಗಸರ ಪಾಲಿಗೆ ಅದು ಇನ್ನೂ ದೊಡ್ಡದು. 1992ರಲ್ಲಿ ಮಹಿಳೆಯರಿಗೆಂದೇ ಲೇಡೀಸ್ ಸ್ಪೆಷಲ್ ಗಾಡಿಗಳು ಶುರುವಾದವು. ವಿದ್ಯುತ್ ಎಂಜಿನಿಯರಿಂಗಿನಲ್ಲಿ ಡಿಪ್ಲೊಮಾ ಪಡೆದ ಸುರೇಖಾ ಯಾದವ್ ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿಯಾಗಿ ಇದೇ ಮಧ್ಯ ರೈಲ್ವೆಯಲ್ಲಿ ಲೇಡೀಸ್ ಸ್ಪೆಷಲ್ ಓಡಿಸಿದರು, 2011ರ ಮಹಿಳಾ ದಿನದಂದು ಡೆಕ್ಕನ್ ಕ್ವೀನ್ ಓಡಿಸಿದರು, 2023ರಲ್ಲಿ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ತಂದರು.

ಬೆಳಕಿನ ಬೆಲೆ ಕೊಟ್ಟವರು

ಆದರೆ ಅಜ್ಜಿಯ ಮಾತು ಕನ್ನಡನಾಡಿಗೆ ಮಾತ್ರ ಸೇರಿದ್ದಲ್ಲ. ಮುಂಬೈಗೆ ಇನ್ನಷ್ಟು ವಿದ್ಯುತ್ತು ಬೇಕೆಂದು ಟಾಟಾ ಕಂಪನಿ ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಹಳ್ಳಿಗಳೂ ಭತ್ತದ ಗದ್ದೆಗಳೂ ಮುಳುಗುವ ಸ್ಥಿತಿ ಬಂತು. 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹಕ್ಕಿಳಿದರು. ನೇತೃತ್ವ ಸೇನಾಪತಿ ಬಾಪಟರದು. ಮಾವಳಿ ರೈತರ ಹೆಂಗಸರೂ ಅದರಲ್ಲಿದ್ದರು. ಹೋರಾಟ ಮೂರು ವರ್ಷ ನಡೆಯಿತು. ಅಣೆಕಟ್ಟು ನಿಲ್ಲಲಿಲ್ಲ. ಆ ನೀರಿನಿಂದ ಭೀರಾದಲ್ಲಿ 1927ರಲ್ಲಿ ವಿದ್ಯುತ್ತು ಹುಟ್ಟಿತು. ಮುಂಬೈ ಬೆಳಗಿತು, ಮುಳಶಿಯ ಹಲವು ಹಳ್ಳಿಗಳು ನೀರಿನಡಿ ಸೇರಿದವು.

ಅಭಿವೃದ್ಧಿ ಬೇಡ ಎಂದು ನಾನು ಹೇಳುತ್ತಿಲ್ಲ. ಮಿಕ್ಸಿ ಬಿಟ್ಟು ಮತ್ತೆ ಒರಳುಕಲ್ಲಿಗೆ ಕೂರು ಎಂದರೆ ನಾನೂ ಒಪ್ಪುವುದಿಲ್ಲ. ಒರಳು, ಬೀಸುವ ಕಲ್ಲು, ಬಾವಿಯ ರಾಟೆ, ಇದ್ದಿಲ ಇಸ್ತ್ರಿಪೆಟ್ಟಿಗೆ, ಹೊಗೆ ತುಂಬಿದ ಅಡುಗೆಮನೆ ಇವು ನಮ್ಮ ಅಜ್ಜಿಯರ ಬೆನ್ನು, ಕಣ್ಣು ಎರಡನ್ನೂ ತಿಂದವು. ನಮ್ಮ ಅಡುಗೆಗೆ ಒಗ್ಗುವ ಮಿಕ್ಸಿ ಹುಟ್ಟಿದ್ದು ಕೂಡ ಮುಂಬೈಯಲ್ಲೇ. ಹೊರದೇಶದ ಯಂತ್ರ ನಮ್ಮ ಒಣ ಮಸಾಲೆ, ನೆನೆಸಿದ ಬೇಳೆಗೆ ತಡೆಯದೆ ಕೆಟ್ಟಾಗ, 1963ರಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರು ಹೆಚ್ಚು ಬಲದ ಮೋಟಾರಿನ ಸುಮೀತ್ ಮಿಕ್ಸಿ ತಂದರು. ಅದು ಮಾಡಲು ಹೊರಟಿದ್ದು ಅವರ ಹೆಂಡತಿಯ ಮಿಕ್ಸಿ ಕೆಟ್ಟದ್ದರಿಂದ!

ಹೀಗೆ ವಿದ್ಯುತ್ತು ಬಿಡಿಸಿಕೊಟ್ಟ ಸಮಯದಲ್ಲೇ ನಮ್ಮ ಹೆಣ್ಣುಮಕ್ಕಳು ಶಾಲೆಗೆ ಹೋದರು, ಆ ವಿದ್ಯುತ್ತನ್ನೇ ಓದಿದರು. ಹದಿನೆಂಟನೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಮದರಾಸಿನ ಎ. ಲಲಿತಾ, ಎಳೆಯ ಮಗಳನ್ನು ಸಾಕುತ್ತಲೇ ಗಿಂಡಿ ಕಾಲೇಜಿನಲ್ಲಿ ಓದಿ 1940ರ ದಶಕದಲ್ಲಿ ದೇಶದ ಮೊದಲ ಮಹಿಳಾ ವಿದ್ಯುತ್ ಎಂಜಿನಿಯರ್ ಆದರು. ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಸಂಶೋಧಕಿಯಾಗಿ ಸೇರಿ, ಅಮೆರಿಕದಲ್ಲಿ ಪಿಎಚ್‌.ಡಿ. ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗ ವಿಜ್ಞಾನದ ಪ್ರಾಧ್ಯಾಪಕರಾದರು. ಆ ಸಂಸ್ಥೆಗೆ ನೆಲ ಕೊಟ್ಟದ್ದು ಮೈಸೂರು ಸಂಸ್ಥಾನ, ಕನಸು ಕಂಡದ್ದು ಮುಂಬೈಯ ಜಮ್‌ಶೇಟ್‌ಜಿ ಟಾಟಾ. ನಮ್ಮ ತವರಿಗೂ ಈ ಊರಿಗೂ ಇರುವ ಬಂಧ ಹೊಸದೇನಲ್ಲ.

ಒಂದು ಮನವಿ

ಆ ಸಂಜೆ ಒಂದೂವರೆ ಗಂಟೆ ಬಿಟ್ಟು ಕರೆಂಟು ಬಂತು. ಕಟ್ಟಡದ ತುಂಬ ಮಕ್ಕಳ "ಹೋ" ಎಂಬ ಕೂಗು. ಅಷ್ಟರಲ್ಲಿ ನಾನು ಮೊಮ್ಮಗಳಿಗೆ ಲಾಟೀನಿನ ಕಥೆ, ಅಜ್ಜಿಯ ಕಥೆ ಹೇಳಿ ಮುಗಿಸಿದ್ದೆ. ಅವಳು ಎದ್ದು ಹೋಗಿ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಿ ಬಂದಳು. ನಾನು ಏನೂ ಹೇಳಿರಲಿಲ್ಲ.

ಗೆಳತಿಯರೇ, ನಿಮ್ಮಲ್ಲಿ ನನ್ನದೊಂದು ಮನವಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆಗೆ ಮೊದಲ ಬಲ್ಬು ಬಂದದ್ದು ಯಾವಾಗ? ಅದನ್ನು ಯಾವ ಕೋಣೆಯಲ್ಲಿ ಹಾಕಿದರು? ಅಡುಗೆಮನೆಗೆ ಬಂದದ್ದು ಎಷ್ಟು ವರ್ಷ ಬಿಟ್ಟು? ನಮ್ಮ ಮನೆಯಲ್ಲಂತೂ ಮೊದಲ ಬಲ್ಬು ಗಂಡಸರು ಕೂರುವ ಪಡಸಾಲೆಯಲ್ಲಿ ಹತ್ತಿತು. ಅವ್ವ ಇನ್ನೂ ನಾಲ್ಕು ವರ್ಷ ಬುಡ್ಡಿ ದೀಪದಲ್ಲೇ ಮುದ್ದೆ ತಿರುವಿದಳು. ಇಂಥ ಸಂಗತಿಗಳನ್ನು ಯಾವ ಇತಿಹಾಸದ ಪುಸ್ತಕವೂ ಬರೆದಿಡುವುದಿಲ್ಲ. ಠಾಕುರ್ಲಿಯಲ್ಲಿ ದುಡಿದವರು, ಗಿರಣಿಯಲ್ಲಿ ದುಡಿದವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಕೇಳಿ, ಬರೆದು, ಮುಂದಿನ ಸಂಚಿಕೆಗೆ ಕಳಿಸಿಕೊಡಿ.

ಈಗ ನಮ್ಮ ಹಳ್ಳಿಯಲ್ಲೂ ಪ್ರತಿ ಮನೆಗೆ ದೀಪವಿದೆ. ಅಜ್ಜಿ ಅದನ್ನು ಕಂಡೇ ಹೋದಳು. ಆದರೂ ಕೊನೆಯವರೆಗೆ, ಸಂಜೆ ಸ್ವಿಚ್ಚು ಒತ್ತಿದ ಕೂಡಲೇ ಬಲ್ಬಿಗೂ ಒಮ್ಮೆ ಕೈ ಮುಗಿಯುತ್ತಿದ್ದಳು. ಆಗ ನಾವು ಮಕ್ಕಳು ನಗುತ್ತಿದ್ದೆವು. ಈಗ ನಾನೂ ಮುಗಿಯುತ್ತೇನೆ.